ಬೀಗತಿಯ ಪ್ಯಾಂಜಿಯಾ

ಮೊಮ್ಮಗಳಿಗೆ ದಿನಾ ತಲೆ ಬಾಚುವವಳು ನಾನು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವವಳು ನಾನು. ಆದರೆ ಅವಳ ಬಾಯಲ್ಲಿ ಸದಾ ಇನ್ನೊಬ್ಬ ಅಜ್ಜಿ: ಸೊರಬದಲ್ಲಿರುವ ನನ್ನ ಬೀಗತಿ, ಸೊಸೆಯ ತಾಯಿ. ಶಾಲೆಯಲ್ಲಿ ಮೇಡಂ ಆಗಿದ್ದು ನಿವೃತ್ತರಾದವರು. ಶಿಕಾರಿಪುರದ ನಮ್ಮ ಮನೆಗೆ ಸಂಜೆಯಾದರೆ ಅವರ ಫೋನು. ಹುಡುಗಿ ಅದನ್ನು ಹಿಡಿದು ಕಿಟಕಿ ಹತ್ತಿರ ಕೂತಳೆಂದರೆ ಮುಗಿಯಿತು, ನಾನು ಅಲ್ಲೇ ಇದ್ದರೂ ಇಲ್ಲ. ಹೊಟ್ಟೆಕಿಚ್ಚೇ? ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡಲು ನನಗೆ ಬರುವುದಿಲ್ಲ.

ಈ ವರ್ಷ ಶಾಲೆಯಲ್ಲಿ ಮಾಡೆಲ್ ಮಾಡಿ ತನ್ನಿ ಎಂದರು. ಪ್ಯಾಂಜಿಯಾ ಮಾಡು ಎಂದು ಬೀಗತಿ ಕೂಡಲೇ ಹೇಳಿಕೊಟ್ಟರು. ಕೋಟಿಗಟ್ಟಲೆ ವರ್ಷಗಳ ಹಿಂದೆ ನೆಲವೆಲ್ಲ ಒಂದೇ ಆಗಿತ್ತಂತೆ, ಅದರ ಹೆಸರೇ ಪ್ಯಾಂಜಿಯಾ ಅಂತೆ. ಒಡೆದು, ಸರಿದು ಈಗಿನ ಖಂಡಗಳಾದವಂತೆ. ನಮ್ಮ ಶಿಕಾರಿಪುರ, ಸೊರಬದ ನೆಲವೂ ಆಗ ಆಫ್ರಿಕಾದ ಕಡೆಗಿತ್ತಂತೆ. ಅದಕ್ಕೂ ಮೊದಲು ರೊಡಿನಿಯಾ ಎಂಬುದೊಂದು, ಅದಕ್ಕೂ ಹಿಂದೆ ಮತ್ತೊಂದು. ಕೂಡುವುದು, ಒಡೆಯುವುದು, ಇದೇ ಕೆಲಸವಂತೆ ಭೂಮಿಗೆ. ಸ್ಪೀಕರಿನಲ್ಲಿ ಇದನ್ನೆಲ್ಲ ಕೇಳುತ್ತ ನಾನು ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ.

"ಭೂಮಿ ಹುಟ್ಟಿದಾಗ ಇವ್ರೇ ಬಾಣಂತನ ಮಾಡಿದ್ರೇನೋ" ಎಂದು ಗೊಣಗಿದೆ. ಸೊಸೆಗೆ ಕೇಳಿಸಿತು, ನಕ್ಕಳು.

ಮಾಡೆಲ್ಲೇನು ಸುಲಭವಾಗಿ ಆಗಲಿಲ್ಲ. ಮಣ್ಣಿನದು ಒಣಗಿ ಪುಡಿಯಾಯಿತು. ಥರ್ಮಾಕೋಲ್ ತಂದರೆ, "ಕತ್ತರಿಸಿದಂಗೆ ಕಾಣ್ತೈತೆ, ಒಡೆದಂಗೆ ಕಾಣಲ್ಲ" ಎಂದು ಹುಡುಗಿ ಅಳುವುದೊಂದು ಬಾಕಿ. ಅಕ್ಕಿಹಿಟ್ಟು ಕಲಸಿ ಮಾಡು ಎಂದು ಸೊರಬದಿಂದ ಸಲಹೆ ಬಂತು. ಅದು ಹರಿಯಿತೇ ಹೊರತು ಒಡೆಯಲಿಲ್ಲ. ನನಗೆ ಒಳಗೊಳಗೇ ಖುಷಿ, ದೇವರು ಕ್ಷಮಿಸಲಿ.

"ಬಾ ಇಲ್ಲಿ" ಎಂದು ಕರೆದು ಬುಟ್ಟಿಯಿಂದ ಒಂದು ಕಟಕ ರೊಟ್ಟಿ ತೆಗೆದೆ. ತೆಳ್ಳಗೆ ಬಡಿದು, ಬೇಯಿಸಿ ಒಣಗಿಸಿದ ಜೋಳದ ರೊಟ್ಟಿ. ನಡುವೆ ಹೆಬ್ಬೆರಳು ಒತ್ತಿದೆ. ಚಟ್ಟನೆ ಒಡೆಯಿತು. ಚೂರುಗಳನ್ನು ದೂರ ಸರಿಸಿದೆ, ಮತ್ತೆ ಕೂಡಿಸಿದೆ. ಅಂಚಿಗೆ ಅಂಚು ಕೂತಿತು.

"ಅಜ್ಜೀ! ಆಫ್ರಿಕಾಕ್ಕೆ ದಕ್ಷಿಣ ಅಮೆರಿಕ ಹಿಂಗೇ ಕೂಡ್ತೈತೆ!"

ಕೊರಳಿಗೆ ಜೋತುಬಿದ್ದಳು. ಗೆದ್ದೆ ಅಂದುಕೊಂಡೆ. ಬರಲಿ ಫೋನು, ಓದದ ಅಜ್ಜಿಯೂ ಅಜ್ಜಿಯೇ ಎಂದು ಆ ಮೇಡಂಗೂ ಗೊತ್ತಾಗಲಿ.

ನೀಲಿ ರಟ್ಟಿನ ಮೇಲೆ ಖಂಡಗಳನ್ನು ಅಂಟಿಸಿ ಮುಗಿಸುವಷ್ಟರಲ್ಲಿ ವಿಡಿಯೋ ಕಾಲ್ ಬಂತು. ಬೀಗತಿ ಕನ್ನಡಕ ಏರಿಸಿಕೊಂಡು ನೋಡಿದರು.

"ಅಯ್ಯೋ, ಎಷ್ಟ್ ಚಂದ ಮಾಡೀಯೆ ಮಗಾ! ಯಾರ್ ಹೇಳ್ಕೊಟ್ರು ನಿಂಗೆ?"

ನಾನು ಸೆರಗು ಸರಿಮಾಡಿಕೊಂಡು ಮೊಮ್ಮಗಳ ಹಿಂದೆ ನಿಂತೆ.

"ಯಾರೂ ಇಲ್ಲಜ್ಜಿ. ನಂಗೇ ಹೊಳೀತು."

ಹುಡುಗಿ ನನ್ನ ಕಡೆ ತಿರುಗಲಿಲ್ಲ, ಆದರೆ ಅವಳ ಕಿವಿ ಕೆಂಪಾಗಿತ್ತು. ಆ ಅಜ್ಜಿಯಿಂದ ಶಭಾಸ್ ಅನ್ನಿಸಿಕೊಳ್ಳಲು ಇಷ್ಟೊಂದು ಆಸೆಯೇ ಇದಕ್ಕೆ!

"ಹೌದೇನ್ರೀ ಬೀಗರೇ?" ಬೀಗತಿ ನನ್ನನ್ನು ಕೇಳಿದರು. ಹುಡುಗಿ ಉಸಿರು ಬಿಗಿಹಿಡಿದಳು.

"ಹೌದ್ರೀ" ಎಂದೆ. "ಥೇಟ್ ನಿಮ್ಮಂಗೇ ಆಗ್ಯಾಳೆ ನೋಡ್ರಿ."