ಕನ್ನಡಿಯಲ್ಲಿ ಮಾತ್ರ ಕಂಡ ಹುಣ್ಣು

ದೃಷ್ಟಿ, ಶಕುನ, ಮುನ್ಸೂಚನೆ ಎಂದರೆ ನಾನು ನಗುತ್ತಿದ್ದವನು. ನಗು ಮಾತ್ರವಲ್ಲ, ಸಿಟ್ಟೂ ಇತ್ತು. ನಾನು ಹಲ್ಲಿನ ಡಾಕ್ಟರು. ಬಾಯಲ್ಲಿ ಹುಣ್ಣಾದರೆ ಯಾರದೋ ದೃಷ್ಟಿ ತಾಗಿತೆಂದು ನೂಲು ಕಟ್ಟಿಸಿಕೊಂಡು, ತಿಂಗಳುಗಟ್ಟಲೆ ಕಳೆದು, ಕೆನ್ನೆ ತೂತಾಗುವ ಹೊತ್ತಿಗೆ ನನ್ನ ಮುಂದೆ ಬಂದು ಕುಳಿತವರನ್ನು ನೋಡಿ ನೋಡಿ ಸಾಕಾಗಿತ್ತು. ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಕ್ಲಿನಿಕ್ ಇದ್ದದ್ದು ಮೂಡಬಿದಿರೆಯಲ್ಲಿ. ವಾರದಲ್ಲಿ ಒಂದು ದಿನ ಬಂಟ್ವಾಳಕ್ಕೆ, ಸಂತೆಯ ದಿನ ಬೆಳ್ತಂಗಡಿಗೆ ಟ್ರಂಕು ಹೊತ್ತುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಬೆಳ್ತಂಗಡಿಯಲ್ಲಿ ಜವಳಿ ಅಂಗಡಿಯ ಮಹಡಿಯ ಕೋಣೆ, ಕಿಟಕಿಯ ಬಳಿ ಒಂದು ಕುರ್ಚಿ, ಕಾಲಿನಿಂದ ತುಳಿಯುವ ಡ್ರಿಲ್ಲು. ಬೆಳಗಿನಿಂದ ಸಂಜೆಯವರೆಗೆ ಹಲ್ಲು ಕೀಳುವುದೇ ಕೆಲಸ. ನಮ್ಮ ಕಡೆ ಹಲ್ಲು ನೋವಿಗೆ ಮೊದಲ ಮದ್ದು ಹೊಗೆಸೊಪ್ಪು. ಒಂದು ತುಂಡನ್ನು ಒಸಡಿಗೂ ಕೆನ್ನೆಗೂ ನಡುವಿನ ಸಂದಿನಲ್ಲಿ ಒತ್ತಿಟ್ಟುಕೊಂಡು ಮಲಗುವುದು. ನೋವು ಹೋಗುತ್ತಿತ್ತು, ಹೊಗೆಸೊಪ್ಪು ಮಾತ್ರ ಅಲ್ಲೇ ಖಾಯಂ ಆಗುತ್ತಿತ್ತು. ಅದೇ ಜಾಗದಲ್ಲಿ ಮುಂದೆ ಏಳುವ ಹುಣ್ಣು ಮೊದಮೊದಲು ನೋಯುವುದೇ ಇಲ್ಲ. ನೋಯದ್ದಕ್ಕೆ ಡಾಕ್ಟರು ಯಾಕೆ ಎಂದು ಜನ ಕೇಳುತ್ತಿದ್ದರು. ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಆ ದಿನ ಮಧ್ಯಾಹ್ನ ಬಂದವರು ಕಮಲಕ್ಕ. ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲುವಲ್ಲಿ ಅವರದೊಂದು ಹೋಟೆಲು. ಗಂಡ ತೀರಿಹೋದ ಮೇಲೆ ಒಬ್ಬರೇ ನಡೆಸುತ್ತಿದ್ದರು. ನಾನು ಬೆಳ್ತಂಗಡಿಗೆ ಹೋಗುವಾಗಲೆಲ್ಲ ಕಾಫಿ ಕುಡಿಯುತ್ತಿದ್ದದ್ದು ಅಲ್ಲೇ.

"ಎಂಥದೂ ಇಲ್ಲ ಡಾಕ್ಟ್ರೆ, ಒಂದು ದವಡೆ ಹಲ್ಲು ಅಲ್ಲಾಡ್ತಾ ಉಂಟು. ತೆಗ್ದು ಬಿಸಾಡಿ. ಹೋಟೆಲಿಗೆ ಹೋಗ್ಲಿಕ್ಕೆ ಉಂಟು" ಎಂದರು.

ಬಾಯಿಯ ಉಸಿರಿಗೆ ಮಂಜು ಕಟ್ಟದಿರಲೆಂದು ಕನ್ನಡಿಯನ್ನು ಸ್ಪಿರಿಟ್ ದೀಪಕ್ಕೆ ತುಸು ಹಿಡಿದು ಒಳಗೆ ಇಳಿಸಿದೆ. ಕೋಲಿನ ತುದಿಗೆ ಬೆರಳುಗುರಿನಷ್ಟು ದುಂಡಗಿನ ಕನ್ನಡಿ, ನಮ್ಮ ಕಸುಬಿನವರೆಲ್ಲರ ಬಳಿ ಇರುವಂಥದ್ದು. ಎಡಗೆನ್ನೆಯ ಸಂದಿನಲ್ಲಿ, ಹೊಗೆಸೊಪ್ಪು ಇಡುವ ಜಾಗದಲ್ಲಿ, ಹುಣಸೆ ಬೀಜದಷ್ಟು ದೊಡ್ಡ ಹುಣ್ಣು ಕಂಡಿತು. ಅಂಚು ಗಟ್ಟಿಯಾಗಿ ಹೊರಕ್ಕೆ ಮಡಚಿಕೊಂಡಿತ್ತು, ನಡು ಗುಳಿಬಿದ್ದಿತ್ತು. ನೋಡಿದ ಕೂಡಲೇ ಕ್ಯಾನ್ಸರೆಂದು ಹೇಳಬಹುದಾದ ಹುಣ್ಣು.

ಕನ್ನಡಿ ತೆಗೆದು, ಕೆನ್ನೆಯನ್ನು ಬೆರಳಿನಿಂದ ಎಳೆದು ನೇರವಾಗಿ ನೋಡಿದೆ. ಏನೂ ಇರಲಿಲ್ಲ. ಹೊಗೆಸೊಪ್ಪಿನ ಕಂದು ಕಲೆ, ಅದರಡಿ ಮೆತ್ತಗಿನ ಚರ್ಮ. ಬೆರಳಿಟ್ಟು ಒತ್ತಿದೆ, ಗಟ್ಟಿಯೂ ಇಲ್ಲ, ಗಂಟೂ ಇಲ್ಲ. ಕನ್ನಡಿ ಒರೆಸಿ ಮತ್ತೆ ಇಳಿಸಿದೆ. ಹುಣ್ಣು ಅಲ್ಲೇ ಇತ್ತು. ಟ್ರಂಕಿನಿಂದ ಇನ್ನೊಂದು ಕನ್ನಡಿ ತೆಗೆದು ನೋಡಿದೆ. ಅದರಲ್ಲಿ ಇಲ್ಲ. ಪುನಃ ಮೊದಲಿನದು. ಇದೆ.

ನಾನು ಕನ್ನಡಿ ಬದಲಿಸಿ ಬದಲಿಸಿ ನೋಡುತ್ತಿದ್ದುದನ್ನು ಕಮಲಕ್ಕ ಕಂಡರು.

"ಡಾಕ್ಟ್ರೆ, ನೀವು ಊಟ ಮಾಡ್ಲಿಲ್ವಾ?"

ಹಲ್ಲು ಕಿತ್ತೆ. ಕಂಡದ್ದನ್ನು ಹೇಳುವ ಧೈರ್ಯ ಬರಲಿಲ್ಲ. ಇಲ್ಲದ ಹುಣ್ಣನ್ನು ಇದೆ ಎಂದರೆ ಯಾರು ನಂಬುತ್ತಾರೆ? ಹೊಗೆಸೊಪ್ಪು ಬಿಡಲೇಬೇಕು, ಬಾಯಿಯನ್ನು ಆಗಾಗ ನನಗೆ ತೋರಿಸಬೇಕು ಎಂದಷ್ಟೇ ಹೇಳಿದೆ. ನನ್ನ ಮುಖ ನೋಡಿ ಏನನ್ನಿಸಿತೋ, ಆ ಗಟ್ಟಿಗಿತ್ತಿ ಎದುರು ಮಾತಾಡದೆ ಸೊಂಟದ ಚೀಲದಲ್ಲಿದ್ದ ಹೊಗೆಸೊಪ್ಪನ್ನು ಕಿಟಕಿಯಿಂದ ಹೊರಗೆ ಎಸೆದರು.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಸಂತೆಯ ದಿನ ನಾನು ಬಸ್ಸಿಳಿದರೆ, ಕಾಫಿಗೆ ಮೊದಲು ಕಮಲಕ್ಕ ಹೋಟೆಲಿನ ಹಿಂಬಾಗಿಲಲ್ಲಿ ಬೆಳಕಿಗೆ ಮುಖ ಮಾಡಿ ಬಾಯಿ ತೆರೆಯುವರು. ನಾನು ಅದೇ ಕನ್ನಡಿ ಇಳಿಸುವೆ. "ಕಮಲಕ್ಕನ ಬಾಯಿ ನೋಡ್ಲಿಕ್ಕೆ ಬಸ್ಸು ನಿಲ್ತದೆ ಮಾರಾಯ" ಎಂದು ಗಿರಾಕಿಗಳು ನಗುತ್ತಿದ್ದರು. ಕನ್ನಡಿಯಲ್ಲಿ ಆ ಹುಣ್ಣು ಮತ್ತೆಂದೂ ಕಾಣಲಿಲ್ಲ. ದಣಿದ ಕಣ್ಣಿನ ಭ್ರಮೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಕಂಡ ದಿನಕ್ಕೆ ಒಂದು ವಾರ ಮೊದಲಷ್ಟೇ ಬಂಟ್ವಾಳದಲ್ಲಿ ಅಂಥದೇ ಹುಣ್ಣಿನವನೊಬ್ಬನನ್ನು ನೋಡಿ, ಕಾಲ ಮೀರಿದೆ ಎಂದು ಅವನ ಹೆಂಡತಿಗೆ ಹೇಳಿ ಬಂದಿದ್ದೆ. ಅದೇ ಕಣ್ಣಲ್ಲಿ ಉಳಿದಿರಬೇಕು.

ವರ್ಷ ಕಳೆದಿತ್ತು. ಒಂದು ಸಂತೆಯ ದಿನ ಎಡಗೆನ್ನೆಯ ಅದೇ ಸಂದಿನಲ್ಲಿ ಹುರುಳಿ ಕಾಳಿನಷ್ಟು ಒಂದು ಒರಟು ಗಂಟು ಬೆರಳಿಗೆ ಸಿಕ್ಕಿತು. ಎರಡು ಕನ್ನಡಿಯಲ್ಲೂ ಕಂಡಿತು, ಬರಿಗಣ್ಣಿಗೂ ಕಂಡಿತು. ಅವತ್ತೇ ಮಂಗಳೂರಿನ ಬಸ್ಸು ಹತ್ತಿಸಿದೆ. ಅಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದರು, ಅದೇ ಎಂದರು, ಕತ್ತರಿಸಿ ತೆಗೆದರು. ಇನ್ನೂ ಬೆಳೆದಿದ್ದರೆ ಕಷ್ಟವಿತ್ತು ಎಂದು ಸರ್ಜನ್ನರು ನನಗೆ ಹೇಳಿದರು. ಬೆಳೆದಿದ್ದರೆ ಹೇಗಿರುತ್ತಿತ್ತೆಂದು ನಾನು ಆಗಲೇ ನೋಡಿದ್ದೆ. ಕಮಲಕ್ಕ ಉಳಿದರು. ಆಮೇಲೆ ಒಂದು ದಿನ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿ, ಕನ್ನಡಿಗೆ ಕೈ ಮುಗಿದರು. ನನಗೆ ನಗು ಬರಲಿಲ್ಲ.

ಪುತ್ತಿಗೆಯಲ್ಲಿ ನನ್ನ ಅಣ್ಣ ಇದ್ದ. ಅಪ್ಪ ಬೇಗ ಹೋದದ್ದರಿಂದ ನನ್ನನ್ನು ಸಾಕಿದವನು ಅವನೇ. ಎಲೆ, ಅಡಿಕೆ, ಹೊಗೆಸೊಪ್ಪು ಇಲ್ಲದೆ ಅವನಿಗೆ ಬೆಳಗಾಗುತ್ತಿರಲಿಲ್ಲ. "ನಿನ್ನ ಕನ್ನಡಿಗೆ ಹೆದರಿ ನಾನು ಎಲೆ ಬಿಡುವುದಾ ಮಾರಾಯ? ನೋಡುವುದಾದರೆ ನೋಡು" ಎಂದು ಬಾಯಿ ತೆರೆಯುತ್ತಿದ್ದ. ಮನೆಗೆ ಹೋದಾಗಲೆಲ್ಲ ಅದೇ ಕನ್ನಡಿಯಲ್ಲಿ ನೋಡುತ್ತಿದ್ದೆ. ಒಮ್ಮೆಯಾದರೂ ಸುಳ್ಳು ಹುಣ್ಣೊಂದು ಕಾಣಲಿ, ಇವನು ಹೆದರಿ ಬಿಡಲಿ ಎಂದು ಆಸೆಪಡುತ್ತಿದ್ದೆ. ಕನ್ನಡಿ ಇದ್ದದ್ದನ್ನೇ ತೋರಿಸಿತು. ಕೆಂಪಾದ ಹಲ್ಲು, ಕಂದು ಕಲೆ, ನಗುವಾಗ ಅಲುಗುವ ಕಿರುನಾಲಗೆ. ರೋಗ ಬಂದದ್ದು ನಾಲಗೆಯ ಬುಡದಲ್ಲಿ, ಕನ್ನಡಿಗೆ ಎಟುಕದಷ್ಟು ಹಿಂದೆ. ಗಂಜಿ ನುಂಗಲು ಆಗದಿದ್ದಾಗಲೇ ತಿಳಿದದ್ದು. ಆಗ ಯಾರಿಂದಲೂ ಏನೂ ಮಾಡುವಂತಿರಲಿಲ್ಲ.

ಅಣ್ಣನ ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ಕಮಲಕ್ಕ ಹೋಟೆಲು ಮುಚ್ಚಿ ಬಂದಿದ್ದರು. ಊಟವಾದ ಮೇಲೆ, ಎಲ್ಲ ಮನೆಗಳಲ್ಲೂ ಇಡುವ ಹಾಗೆ, ಬಂದವರ ಮುಂದೆ ಎಲೆ ಅಡಿಕೆಯ ಹರಿವಾಣ ಇಟ್ಟರು. ಅಣ್ಣನ ಹರಿವಾಣವೇ ಅದು. ನನಗೆ ನೋಡಲಾಗದೆ ಹಿಂದಿನ ಜಗಲಿಗೆ ಹೋಗಿ ಕುಳಿತೆ. ಕಮಲಕ್ಕ ಹಿಂದೆಯೇ ಬಂದರು.

"ಈ ವಾರ ನೀವು ನೋಡ್ಲಿಲ್ಲ ಡಾಕ್ಟ್ರೆ" ಎಂದು ಬೆಳಕಿಗೆ ತಿರುಗಿ ಬಾಯಿ ತೆರೆದರು.

"ಕನ್ನಡಿ ತರಲಿಲ್ಲ ಕಮಲಕ್ಕ."

"ಬರಿಗಣ್ಣಲ್ಲೇ ನೋಡಿ."

ನೋಡಿದೆ. ಹೊಲಿಗೆಯ ಬಿಳಿ ಗೆರೆ ಬಿಟ್ಟರೆ ಶುದ್ಧವಾಗಿತ್ತು. ಏನೂ ಇಲ್ಲ ಎಂದು ಹೇಳಹೋದೆ, ಅಳು ಬಂತು. ಅವರು ನನ್ನ ಪಕ್ಕದಲ್ಲಿ ಕುಳಿತರು.

"ಕಾಫಿ ಕೊಡುವವಳದ್ದು ಕಂಡಿತು. ಅಣ್ಣನದ್ದು ಯಾಕೆ ಕಾಣ್ಲಿಲ್ಲ ಡಾಕ್ಟ್ರೆ?" ಎಂದು ಮೆಲ್ಲಗೆ ಕೇಳಿದರು.

ಆ ಕನ್ನಡಿ ಈಗಲೂ ನನ್ನ ಬಳಿ ಇದೆ. ಬೆಳ್ಳಿಯ ಲೇಪ ಎದ್ದು ಮಸುಕಾಗಿದೆ, ಕೆಲಸಕ್ಕೆ ಬಾರದು. ಎಸೆಯಲು ಹೋಗಿ, ಕಮಲಕ್ಕನ ಪ್ರಶ್ನೆ ನೆನಪಾಗಿ, ಎಷ್ಟೋ ಸಲ ಮತ್ತೆ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.