ತಡವಾಗಿ ಹೊರಗೆ ಹೋದದ್ದಕ್ಕೆ ಮೆಮೋ

1998ರಲ್ಲಿ ನಾನು ಮಹದೇವಪುರದ ಒಂದು ಬಟ್ಟೆ ಬಣ್ಣದ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್ ಆಗಿದ್ದೆ. ಜೀವನ್ ಬಿಮಾ ನಗರದ ಬಾಡಿಗೆ ಮನೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ಸುಮಾರು ಮುನ್ನೂರು ಕೆಲಸಗಾರರು, ಎಂಟು ಬಣ್ಣದ ಮೆಷಿನ್, ಅವಕ್ಕೆಲ್ಲ ಹಬೆ ಒದಗಿಸಲು ಹಿತ್ತಲಿನಲ್ಲಿ ಸೌದೆ ಉರಿಸುವ ಒಂದು ಬಾಯ್ಲರ್. ಆ ವರ್ಷದ ಜುಲೈ ತಿಂಗಳ ಒಂದು ಮಧ್ಯಾಹ್ನವನ್ನು ನೆನೆಸಿಕೊಂಡರೆ, ನಿವೃತ್ತನಾಗಿ ಇಷ್ಟು ವರ್ಷ ಕಳೆದರೂ ನನ್ನ ಬಿ.ಪಿ. ಏರುತ್ತದೆ.

ಬಾಯ್ಲರ್ ಎಂದರೆ ಒತ್ತಡ ತಡೆಯುವ ದೊಡ್ಡ ಉಕ್ಕಿನ ಹಂಡೆ. ಒಳಗಿನ ನೀರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬೆಂಕಿ ಬರಿಯ ಉಕ್ಕನ್ನು ಕಾಯಿಸುತ್ತದೆ, ಹಂಡೆಯೇ ಸಿಡಿಯಬಹುದು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಗೆ ಗೇಜ್ ಗ್ಲಾಸ್ ಎನ್ನುತ್ತೇವೆ. ಅದರ ದಾರಿಯಲ್ಲಿ ಕೆಸರು ಕಟ್ಟಿಕೊಂಡರೆ ನೀರಿಲ್ಲದಿದ್ದರೂ ಇದೆ ಎಂದು ಸುಳ್ಳು ತೋರಿಸುತ್ತದೆ. ಹಾಗಾಗಿ ಬಾಯ್ಲರ್ ಮನೆಯಲ್ಲಿ ಒಂದು ಪದ್ಧತಿ ಇತ್ತು. ಪಾಳಿ ಮುಗಿಸಿದವನು ಎದ್ದು ಹೋಗುವಂತಿಲ್ಲ. ಹೊಸದಾಗಿ ಬಂದವನು ತಾನೇ ಗೇಜ್ ಗ್ಲಾಸಿನ ನೀರು ಹೊರಗೆ ಬಿಟ್ಟು, ನೀರು ಮತ್ತೆ ಏರುವುದನ್ನು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಹಳಬ ಪಕ್ಕದಲ್ಲೇ ನಿಂತಿರಬೇಕು. ಇದಕ್ಕೆ ಹತ್ತು ಹದಿನೈದು ನಿಮಿಷ ಹಿಡಿಯುತ್ತಿತ್ತು.

ಬೆಳಗಿನ ಆರರಿಂದ ಎರಡರವರೆಗಿನ ಪಾಳಿ ಶರಣಪ್ಪನದು. ಯಾದಗಿರಿ ಕಡೆಯವನು. ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಮಹದೇವಪುರದಲ್ಲೇ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ. ಬೆಂಗಳೂರಿಗೆ ಬಂದಾಗ ಮಣ್ಣು ಹೊತ್ತವನು. ಆರು ವರ್ಷ ಸೌದೆ ಎತ್ತಿಹಾಕಿ, ಮೂರನೇ ಸಲಕ್ಕೆ ಪರೀಕ್ಷೆ ಪಾಸಾಗಿ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟ್ ಗಿಟ್ಟಿಸಿದ್ದ. ಅದಿಲ್ಲದವನು ಬಾಯ್ಲರ್ ನಡೆಸುವಂತಿಲ್ಲ. ಅದು ಹೋದರೆ ಅವನು ಮತ್ತೆ ಮಣ್ಣು ಹೊರಬೇಕು. ಎರಡು ಗಂಟೆಗೆ ಅವನನ್ನು ಬಿಡಿಸುತ್ತಿದ್ದವನು ನಾಜಿರ್, ಶಿವಾಜಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ.

ಮಾರ್ಚಿನಲ್ಲಿ ದಿವಾಕರ್ ಎಂಬ ಹೊಸ ಜನರಲ್ ಮ್ಯಾನೇಜರ್ ಬಂದು ವಕ್ಕರಿಸಿದರು. ಬಟ್ಟೆಗೆ ಬಣ್ಣ ಹೇಗೆ ಹಿಡಿಯುತ್ತದೆ ಎಂದು ಆ ಮನುಷ್ಯ ಒಂದು ದಿನವೂ ಕೇಳಲಿಲ್ಲ. ಬಂದ ವಾರದಲ್ಲೇ ಗೇಟಿಗೆ ಪಂಚ್ ಗಡಿಯಾರ ಬಂತು. ಒಳಗೆ ಬರುವಾಗ, ಹೊರಗೆ ಹೋಗುವಾಗ ಕಾರ್ಡ್ ತೂರಿಸಿದರೆ ಸಮಯ ಅಚ್ಚಾಗುತ್ತದೆ. ಹತ್ತು ನಿಮಿಷಕ್ಕಿಂತ ತಡವಾಗಿ ಬಂದವನನ್ನು ದಿವಾಕರ್ ಚೀಟಿ ಕೊಡುವವರೆಗೆ ಗೇಟಿನಲ್ಲೇ ಕೂರಿಸಬೇಕು. ಪಾಳಿ ಮುಗಿದು ಐದು ನಿಮಿಷದೊಳಗೆ ಹೊರಗೆ ಹೋಗದವನಿಗೆ ಮೆಮೋ, ಏಕೆಂದರೆ ಅವನು ಹರಟೆ ಹೊಡೆದು ಓವರ್‌ಟೈಮ್ ಕೂಲಿ ಕೇಳುತ್ತಾನಂತೆ. ಪಾಯಿಖಾನೆಗೆ ಹೋದ ಹೆಂಗಸರು ಎಷ್ಟು ಹೊತ್ತಿಗೆ ಬಂದರೆಂದು ಬರೆದಿಡಲು ಒಬ್ಬ ಗುಮಾಸ್ತನನ್ನು ಕೂರಿಸಿದ್ದರು. ನಾಚಿಕೆಗೆಟ್ಟ ಕೆಲಸ. ನಾವು ಅಧಿಕಾರಿಗಳು ಅದನ್ನು ನೋಡಿಕೊಂಡು ತೆಪ್ಪಗಿದ್ದೆವು.

ಬಾಯ್ಲರ್ ಮನೆಯಿಂದ ಗೇಟಿಗೆ ಐದು ನಿಮಿಷದ ನಡಿಗೆ. ಪದ್ಧತಿ ಪ್ರಕಾರ ನಿಂತು ಹೊರಟರೆ ಶರಣಪ್ಪ ಕಾರ್ಡ್ ತೂರಿಸುವಾಗ ಎರಡೂ ಇಪ್ಪತ್ತು. ಜೂನ್ ಮುಗಿಯುವಷ್ಟರಲ್ಲಿ ಅವನಿಗೆ ನಾಲ್ಕು ಮೆಮೋ ಬಂದವು. ದಿವಾಕರ್ ಸಹಿಯ ಕೆಳಗೆ ಇಲಾಖೆಯ ಎಂಜಿನಿಯರ್ ಎಂದು ನನ್ನ ಸಹಿಯೂ ಇತ್ತು. ಬಾಯ್ಲರ್ ಬಿಟ್ಟು ಹೋಗುವ ಹಾಗಿಲ್ಲ ಎಂದು ನಾನು ಎರಡು ಸಲ ದಿವಾಕರ್‌ಗೆ ಹೇಳಿ ನೋಡಿದೆ. ರೂಲ್ಸ್ ಎಲ್ಲರಿಗೂ ಒಂದೇ ಎಂದರು. ಐದನೆಯದು ಬಂದರೆ ಸಸ್ಪೆನ್ಷನ್ ಎಂದೂ ಸೇರಿಸಿದರು.

ಶರಣಪ್ಪ ಮಾತ್ರ ಜಗ್ಗಲಿಲ್ಲ. "ನಾಜಿರ್ ನೀರು ನೋಡದಂಗ ನಾ ಹ್ಯಾಂಗ ಹೋಗ್ಲಿ ಸಾಹೇಬ್ರ? ಮೆಮೋ ಬಂದ್ರ ಬರ್ಲಿ" ಅಂದ.

ಇವನ ಕೆಲಸ ಹೋಗುತ್ತದಲ್ಲ ಎಂದು ನನಗೆ ಸಂಕಟ. ದಿವಾಕರ್ ಎದುರು ಮೇಜು ಗುದ್ದುವ ಧೈರ್ಯವಿಲ್ಲ. ಹಾಗಾಗಿ ಸುಲಭದ ದಾರಿ ಹಿಡಿದೆ. ನನ್ನ ಹತ್ತಿರವೂ ಬಾಯ್ಲರ್ ನಡೆಸುವ ಸರ್ಟಿಫಿಕೇಟ್ ಇತ್ತು. ಅವನಿಗೆ ಹೇಳಿದೆ: "ನೀನು ಎರಡಕ್ಕೆ ಸರಿಯಾಗಿ ಹೊರಡು. ನಾಜಿರ್ ಬರೋವರೆಗೂ ನಾನು ಬಂದು ನಿಂತ್ಕೋತೀನಿ." ಅವನು ನನ್ನ ಮುಖ ನೋಡಿ, ಆಯಿತೆಂದು ತಲೆಯಾಡಿಸಿದ. ಒಂಬತ್ತು ದಿನ ಹಾಗೆಯೇ ನಡೆಯಿತು. ನಾನು ಒಂದೆರಡು ನಿಮಿಷ ತಡವಾದರೂ ಬಂದೇ ಬರುತ್ತೇನೆಂದು ನಂಬಿ ಅವನು ಎರಡಕ್ಕೆ ಹೊರಟುಬಿಡುತ್ತಿದ್ದ.

ಹತ್ತನೆಯ ದಿನ ಒಂದೂ ಮುಕ್ಕಾಲಿಗೆ ದಿವಾಕರ್ ಅಧಿಕಾರಿಗಳೆಲ್ಲರನ್ನೂ ಕ್ಯಾಬಿನ್ನಿಗೆ ಕರೆಸಿದರು. ತಡವಾಗಿ ಬಂದವರ ಪಟ್ಟಿಯನ್ನು ಒಂದೊಂದೇ ಹೆಸರು, ಒಂದೊಂದೇ ನಿಮಿಷ ಎಂದು ಓದತೊಡಗಿದರು. ಎರಡು ಗಂಟೆಗೆ ನಾನು ಎದ್ದೆ. ಬಾಯ್ಲರ್ ಮನೆಗೆ ಹೋಗಬೇಕು ಅಂದೆ.

"ಕೂತ್ಕೊಳ್ರೀ. ನಿಮ್ಮ ಡಿಪಾರ್ಟ್‌ಮೆಂಟ್ ಲಿಸ್ಟೇ ಬರ್ತಿರೋದು" ಅಂದರು.

ಕೂತೆ. ಹೌದು, ಕೂತುಬಿಟ್ಟೆ. ನಾಜಿರ್ ಇಷ್ಟು ಹೊತ್ತಿಗೆ ಬಂದಿರುತ್ತಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ನಾಜಿರ್ ಬಂದಿದ್ದ. ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತು ಬಸ್ಸು ತಡವಾಗಿ, ಎರಡೂ ಹನ್ನೆರಡಕ್ಕೆ ಗೇಟಿಗೆ ಬಂದಿದ್ದ. ಹತ್ತು ನಿಮಿಷದ ಮೇಲೆ ಎರಡು ನಿಮಿಷ. ಗಾರ್ಡ್ ಅವನನ್ನು ಬೆಂಚಿನ ಮೇಲೆ ಕೂರಿಸಿದ. ಚೀಟಿ ಕೊಡಬೇಕಾದ ದಿವಾಕರ್ ಮೀಟಿಂಗಿನಲ್ಲಿದ್ದರು, ಮೀಟಿಂಗಿನ ವೇಳೆ ಫೋನ್ ಮಾಡಬಾರದೆಂಬುದೂ ಅವರದೇ ಆಜ್ಞೆ. ಬಾಯ್ಲರ್ ಮನೆಯಲ್ಲಿ ಯಾರಿದ್ದಾರೋ ಎಂದು ನಾಜಿರ್ ಗೋಗರೆದರೂ ಗಾರ್ಡ್ ಬಿಡಲಿಲ್ಲ. ಅತ್ತ ಬಾಯ್ಲರಿಗೆ ನೀರು ಒತ್ತುವ ಪಂಪ್ ಕೆಟ್ಟು ನಿಂತಿತ್ತು. ಆಳು ಇದ್ದಿದ್ದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ತುಂಬಿಟ್ಟ ಸೌದೆ ಧಗಧಗ ಉರಿಯುತ್ತಲೇ ಇತ್ತು.

ಎರಡೂ ಮೂವತ್ತೆಂಟಕ್ಕೆ ಕ್ಯಾಬಿನ್ನಿನ ಕಿಟಕಿ ಅದುರುವಂಥ ಸದ್ದು. ಎದ್ದುಬಿದ್ದು ಓಡಿದೆ. ಬಾಯ್ಲರಿನಲ್ಲಿ ಫ್ಯೂಸಿಬಲ್ ಪ್ಲಗ್ ಎಂಬ ಬಿರಡೆ ಇರುತ್ತದೆ. ನೀರು ತೀರಾ ಇಳಿದಾಗ ಅದು ಕರಗಿ, ಹಬೆ ನುಗ್ಗಿ ಬೆಂಕಿಯನ್ನು ಆರಿಸುತ್ತದೆ. ಅದು ಕರಗಿತ್ತು. ಅದರಿಂದಲೇ ಹಂಡೆ ಸಿಡಿಯಲಿಲ್ಲ, ಜನ ಉಳಿದರು.

ಸರ್ಕಾರದ ಬಾಯ್ಲರ್ ಇನ್‌ಸ್ಪೆಕ್ಟರ್ ಮೂರನೇ ದಿನ ವಿಚಾರಣೆಗೆ ಬರುವವರಿದ್ದರು. ಹಿಂದಿನ ಸಂಜೆ ದಿವಾಕರ್ ನನ್ನನ್ನು ಕರೆದು ಕಾಫಿ ತರಿಸಿದರು. ಅಟೆಂಡೆಂಟ್ ಜಾಗ ಬಿಟ್ಟು ಹೋಗಿದ್ದಾನೆ, ಕಾರ್ಡೇ ಸಾಕ್ಷಿ, ಅವನ ಸರ್ಟಿಫಿಕೇಟ್ ರದ್ದಾಗುತ್ತದೆ, ನೀವು ಸುಮ್ಮನಿದ್ದರೆ ನಿಮಗೇನೂ ಆಗುವುದಿಲ್ಲ ಎಂದರು. ನಾಲ್ಕು ತಿಂಗಳು ಯಾವುದಕ್ಕಾಗಿ ಅವನ ಪ್ರಾಣ ಹಿಂಡಿದ್ದರೋ ಅದನ್ನೇ ಈಗ ಅಪರಾಧ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕಾಫಿ ಕುಡಿದೇ ಎದ್ದುಬಂದೆ, ನೋಡಿ.

ವಿಚಾರಣೆಯ ದಿನ ಮೇಜಿನ ಮೇಲೆ ಎರಡೂ ಐದರ ಅಚ್ಚಿದ್ದ ಪಂಚ್ ಕಾರ್ಡ್, ಪಕ್ಕದಲ್ಲಿ ಶರಣಪ್ಪನ ಸರ್ಟಿಫಿಕೇಟ್. ಬಾಯ್ಲರ್ ಬಿಟ್ಟು ಯಾಕೆ ಹೋದಿರಿ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಶರಣಪ್ಪ ಒಮ್ಮೆ ನನ್ನತ್ತ ನೋಡಿ ತಲೆ ತಗ್ಗಿಸಿದ.

"ತಪ್ಪಾಗ್ಯದ್ರೀ" ಅಂದ.

ನನ್ನ ಹೆಸರು ಅವನ ಬಾಯಿಂದ ಬರಲಿಲ್ಲ. ಅಲ್ಲಿಗೆ ನನ್ನ ಹೆದರಿಕೆಯೆಲ್ಲ ಸತ್ತುಹೋಯಿತು. ಫೈಲಿನಿಂದ ನಾಲ್ಕೂ ಮೆಮೋ ತೆಗೆದು ಮೇಜಿನ ಮೇಲಿಟ್ಟೆ.

"ಇವನನ್ನ ಕಳಿಸಿದ್ದು ನಾನು ಸರ್. ನಾನು ನಿಂತ್ಕೋತೀನಿ ಅಂತ ಹೇಳಿ ಕಳಿಸಿ, ಇವರ ಮೀಟಿಂಗಲ್ಲಿ ಕೂತಿದ್ದೆ."

ಇನ್‌ಸ್ಪೆಕ್ಟರ್ ಮೆಮೋಗಳನ್ನು ಎರಡೆರಡು ಸಲ ಓದಿದರು. ಮನೆಗೆ ತಡವಾಗಿ ಹೋದದ್ದಕ್ಕೆ ಮೆಮೋ ಕೊಟ್ಟಿದ್ದೀರಾ ಎಂದು ದಿವಾಕರ್ ಅವರನ್ನು ಕೇಳಿದರು. ಆ ಪುಣ್ಯಾತ್ಮ ಶಿಸ್ತಿನ ಬಗ್ಗೆ ಏನೋ ತೊದಲಿದರು. ಇನ್‌ಸ್ಪೆಕ್ಟರ್ ಸರ್ಟಿಫಿಕೇಟ್ ಎತ್ತಿ ಶರಣಪ್ಪನ ಕೈಗೆ ಕೊಟ್ಟರು. ನನ್ನದನ್ನು ಒಂದು ವರ್ಷ ತಡೆಹಿಡಿದರು, ಅದು ನ್ಯಾಯವೇ. ದಿವಾಕರ್‌ಗೆ ಏನಾಯಿತು ಎನ್ನುತ್ತೀರಾ? ದೀಪಾವಳಿಗೆ ಮುಂಚೆ ಬಡ್ತಿ ಸಿಕ್ಕಿ ಹೆಡ್ ಆಫೀಸಿಗೆ ಹೋದರು. ಹಾಳಾಗಿ ಹೋಗಲಿ.

ಅಂದು ಗೇಟಿನಾಚೆ ಶರಣಪ್ಪನನ್ನು ತಡೆದು ನಿಲ್ಲಿಸಿ ಕ್ಷಮೆ ಕೇಳಿದೆ. ಎಲ್ಲಾ ಆ ದಿವಾಕರನಿಂದ ಆದದ್ದು ಎಂದೂ ಅಂದೆ. ಅವನು ಸರ್ಟಿಫಿಕೇಟನ್ನು ಮಡಿಚಿ ಜೇಬಿಗಿಡುತ್ತಿದ್ದ. ದನಿ ಏರಿಸದೆ ಹೇಳಿದ:

"ಅವ್ರು ನಾಕ್ ಮೆಮೋ ಕೊಟ್ರೂ ನಾ ಬಾಯ್ಲರ್ ಬಿಟ್ಟಿದ್ದಿಲ್ರೀ. ನೀವು ಹೇಳಿದ್ರಿ ಅಂತ ಬಿಟ್ಟೆ."

ಆಮೇಲೆ ಹದಿನಾಲ್ಕು ವರ್ಷ ಕೆಲಸ ಮಾಡಿದೆ, ಗಡಿಯಾರ ಹಿಡಿದು ಕಾಯುವ ಮೇಲಧಿಕಾರಿಗಳು ಇನ್ನೂ ಇಬ್ಬರು ಸಿಕ್ಕರು. ಅಂಥವರ ರೂಲ್ಸಿನಿಂದ ಕೆಳಗಿನವನನ್ನು ಉಪಾಯವಾಗಿ ಪಾರು ಮಾಡಲು ಮತ್ತೆಂದೂ ಹೋಗಲಿಲ್ಲ. ಈ ರೂಲ್ಸ್ ತಪ್ಪು, ಇದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದು ನೇರವಾಗಿ ಬರೆದುಕೊಟ್ಟೆ. ಇದರಿಂದ ನನಗೆ ಎರಡು ಬಡ್ತಿ ತಪ್ಪಿದವು. ಮೊದಲ ಮೆಮೋ ಬಂದ ದಿನವೇ ಹಾಗೆ ಬರೆಯಬೇಕಿತ್ತು.