ಗೂಟದಲ್ಲಿದ್ದ ಇಸ್ತ್ರಿ ಶರ್ಟು

ಅವತ್ತು ಸುಧಾಕರ ಬಟ್ಟೆ ಬದಲಿಸಲೇ ಇಲ್ಲ.

ತೊಂಬತ್ತರ ದಶಕದ ಮಾತು. ನಾವಿಬ್ಬರೂ ದಿನಾ ಎಸ್ಟೇಟಿನ ಕೆಸರು ದಾರಿಯಲ್ಲಿ ಹಳೇ ಚಡ್ಡಿ ಹಾಕಿಕೊಂಡು ಬಣಕಲ್‌ವರೆಗೆ ನಡೆದು ಬರುತ್ತಿದ್ದೆವು. ಅಲ್ಲಿ ಟೀ ಅಂಗಡಿಯ ಹಿಂದೆ ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳ ಕಿತ್ತು, ಗೂಟಕ್ಕೆ ನೇತುಹಾಕಿದ್ದ ಇಸ್ತ್ರಿ ಬಟ್ಟೆ ತೊಟ್ಟು ಕಾಲೇಜಿನ ಬಸ್ಸು ಹತ್ತುತ್ತಿದ್ದೆವು. ಕಾಲೇಜಿನಲ್ಲಿ ಸುಧಾಕರನಷ್ಟು ಸ್ಟೈಲು ಯಾರಿಗೂ ಇರಲಿಲ್ಲ. ಕಾಲರಿಗೆ ಬೆವರು ತಾಗದಿರಲೆಂದು ಒಳಗೆ ಕರ್ಚೀಫು ಮಡಚಿಡುತ್ತಿದ್ದ.

ಆ ದಿನ ತನ್ನ ಕೆನೆ ಬಣ್ಣದ ಶರ್ಟನ್ನು ಗೂಟದಿಂದ ತೆಗೆದು ನನ್ನ ಕೈಗಿಟ್ಟ.

"ಅಪ್ಪ ತೋಟದ ಕೆಲಸದಲ್ಲಿ ಮರದಿಂದ ಬಿದ್ದು ಸೊಂಟ ಮುರ್ಕೊಂಡಿದಾರೆ. ಮನೆಗೊಂದು ಗಂಡಾಳು ಕೆಲಸಕ್ಕೆ ಇಲ್ದಿದ್ರೆ ಎಸ್ಟೇಟ್‌ನೋರು ಕೊಟ್ಟಿರೋ ಲೈನ್ ಮನೆ ಖಾಲಿ ಮಾಡ್ಬೇಕಂತೆ. ಇದು ನೀನೇ ಹಾಕ್ಕೋ ಮಾರಾಯ. ಮರ ಹತ್ತೋಕೆ ಇಸ್ತ್ರಿ ಯಾಕೆ?"

ಆಮೇಲೆ ರಸ್ತೆ ಬದಿಯ ತೋಟದಲ್ಲಿ ಆಳುಗಳ ನಡುವೆ ಅವನು ಕಾಣುತ್ತಿದ್ದ. ನಮ್ಮ ಬಸ್ಸಿನ ಸದ್ದು ಕೇಳಿದರೆ ಸಾಕು, ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

ಆ ಶರ್ಟನ್ನು ಎಷ್ಟೋ ಸಲ ಮೈಗೆ ಹಿಡಿದು ನೋಡಿದೆ. ನನಗೇ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ತೊಡಲು ಮಾತ್ರ ಆಗಲಿಲ್ಲ. ಕಾಲರಿನೊಳಗೆ ಅವನು ಮಡಚಿಟ್ಟ ಕರ್ಚೀಫನ್ನು ಇವತ್ತಿಗೂ ಬಿಚ್ಚಿಲ್ಲ.